ಫ್ರೀಮೇಸನ್ನರಿಗಿಂತ ಹಳೇ ಬಳಗ ನಮ್ಮ ಗದಗ ಸೀಮೆಯಲ್ಲೇ ಇತ್ತು

ಫ್ರೀಮೇಸನ್ ಅನ್ನೋ ಹೆಸರು ಈಗ ಹುಬ್ಬಳ್ಳಿಯ ಕಾಲೇಜು ಹುಡುಗರ ಬಾಯಲ್ಲೂ ಬರುತ್ತದೆ. ಯೂಟ್ಯೂಬಿನಲ್ಲಿ ನೋಡಿರುತ್ತಾರೆ. ಗುಪ್ತ ಸಂಘ, ಗುಟ್ಟಿನ ಕೈಕುಲುಕು, ಮುಚ್ಚಿದ ಬಾಗಿಲ ಹಿಂದೆ ಕೂತು ಜಗತ್ತನ್ನೇ ಆಡಿಸುವ ಜನ, ಹೀಗೆ. ಅದರಲ್ಲಿ ಮುಕ್ಕಾಲು ಪಾಲು ಕಟ್ಟುಕತೆ. ಆದರೆ ಆ ಸಂಘದ ನಿಜವಾದ ಇತಿಹಾಸ ಓದೋಕೆ ಕೂತರೆ ಬಹಳ ಚೆನ್ನಾಗಿದೆ. ಅದನ್ನು ಓದುತ್ತಾ ಹೋದಂತೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಮಾತ್ರ ಲಂಡನ್ ಅಲ್ಲ, ಡಂಬಳ, ಲಕ್ಕುಂಡಿ, ಲಕ್ಷ್ಮೇಶ್ವರ. ಯಾಕೆ ಅಂತ ಹೇಳುತ್ತೇನೆ.

ಮೊದಲು ಮೇಸನ್ನರ ಕತೆ ಚುಟುಕಾಗಿ. ಮೇಸನ್ ಅಂದರೆ ನಮ್ಮ ಕಡೆ ನಾವು ಗೌಂಡಿ ಅನ್ನುತ್ತೇವಲ್ಲ, ಅದೇ. ಯುರೋಪಿನಲ್ಲಿ ದೊಡ್ಡ ದೊಡ್ಡ ಚರ್ಚು ಕಟ್ಟುವ ಕಾಲದಲ್ಲಿ ಕಲ್ಲುಕೆಲಸದವರು ಊರಿಂದ ಊರಿಗೆ ಹೋಗುತ್ತಿದ್ದರು. ಕಟ್ಟಡದ ಪಕ್ಕದಲ್ಲೇ ಒಂದು ಚಪ್ಪರ ಹಾಕಿಕೊಂಡು, ಅಲ್ಲೇ ಕಲ್ಲು ಕೆತ್ತಿ, ಅಲ್ಲೇ ಉಂಡು, ಹೊಸಬರಿಗೆ ಅಲ್ಲೇ ಕೆಲಸ ಕಲಿಸುತ್ತಿದ್ದರು. ಆ ಚಪ್ಪರವೇ ಲಾಡ್ಜ್. ಕಲಿಯುವವನು, ಕಲಿತವನು, ಕೆಲಸದ ಯಜಮಾನ ಅಂತ ಮೂರು ಮೆಟ್ಟಿಲು. ಇವತ್ತಿಗೂ ಫ್ರೀಮೇಸನ್ನರಲ್ಲಿ ಇರುವ ಮೂರು ಪದವಿಗಳು ಅಲ್ಲಿಂದಲೇ ಬಂದವು. ಅವರ ಗುರುತಿನಲ್ಲಿರುವ ಗುಣ್ಯಾ (ಮೂಲೆ ಅಳೆಯುವ ಮಟ್ಟ) ಮತ್ತು ಕೈವಾರ, ಸೊಂಟಕ್ಕೆ ಕಟ್ಟಿಕೊಳ್ಳುವ ಬಿಳಿ ಚರ್ಮದ ಏಪ್ರನ್, ಎಲ್ಲವೂ ಕೆಲಸಗಾರರ ಸಾಮಾನುಗಳೇ. ಕಾಲ ಕಳೆದಂತೆ ಕಲ್ಲು ಮುಟ್ಟದವರೂ ಈ ಬಳಗ ಸೇರಿದರು. 1717ರ ಜೂನ್ 24ರಂದು ಲಂಡನ್ನಿನ ಒಂದು ಪಾನಗೃಹದಲ್ಲಿ ನಾಲ್ಕು ಲಾಡ್ಜ್‌ಗಳು ಸೇರಿ ಗ್ರ್ಯಾಂಡ್ ಲಾಡ್ಜ್ ಮಾಡಿಕೊಂಡವು ಅನ್ನುವುದು ಅವರ ಇತಿಹಾಸದ ದೊಡ್ಡ ಮೈಲಿಗಲ್ಲು.

ಭಾರತಕ್ಕೆ ಇದು ಈಸ್ಟ್ ಇಂಡಿಯಾ ಕಂಪನಿಯವರ ಜೊತೆ ಬಂತು. 1730ರ ಹೊತ್ತಿಗೆ ಕಲ್ಕತ್ತೆಯಲ್ಲಿ ಲಾಡ್ಜ್ ಇತ್ತು. ಆದರೆ ಅಣ್ಣತಮ್ಮಂದಿರ ಬಳಗ ಅಂತ ಹೇಳಿಕೊಂಡವರು ನಮ್ಮ ಜನರನ್ನು ಬಹಳ ಕಾಲ ಬಾಗಿಲ ಹೊರಗೇ ನಿಲ್ಲಿಸಿದರು. ಧಾರವಾಡ ಸೀಮೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದಲ್ಲಿ ಬಾಗಿಲು ತೆರೆದದ್ದು 1843ರಲ್ಲಿ. ಜೇಮ್ಸ್ ಬರ್ನ್ಸ್ ಅನ್ನುವ ಡಾಕ್ಟರು ಮುಂಬೈನಲ್ಲಿ 'ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ' ಅಂತ ಒಂದು ಲಾಡ್ಜ್ ಶುರು ಮಾಡಿದರು, ಭಾರತೀಯರನ್ನು ಸೇರಿಸಿಕೊಳ್ಳಲಿಕ್ಕೆ ಅಂತಲೇ. ಮಾಣಕ್‌ಜಿ ಕರ್ಸೆಟ್‌ಜಿ ಅನ್ನುವ ಪಾರ್ಸಿ ಮುಖಂಡರಿಗೆ ಅಲ್ಲಿ ಜಾಗ ಸಿಕ್ಕಿತು. ಮುಂದೆ ಕಲ್ಕತ್ತೆಯಲ್ಲಿ ನರೇಂದ್ರನಾಥ ದತ್ತ, ಅಂದರೆ ನಮ್ಮ ಸ್ವಾಮಿ ವಿವೇಕಾನಂದರು, 1884ರಲ್ಲಿ ಅಲ್ಲಿನ ಒಂದು ಲಾಡ್ಜ್ ಸೇರಿದ್ದರು. ನಮ್ಮದೇ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಆದದ್ದು 1961ರ ನವೆಂಬರ್ 24ಕ್ಕೆ. ರಾಮಪುರದ ನವಾಬ ರಜಾ ಅಲಿ ಖಾನ್ ಅದರ ಮೊದಲ ಗ್ರ್ಯಾಂಡ್ ಮಾಸ್ಟರ್. ಸ್ವಾತಂತ್ರ್ಯ ಬಂದು 14 ವರ್ಷ ಆದಮೇಲೆ!

ಇದೆಲ್ಲ ಓದಿದ ಮೇಲೆ ಒಂದು ವಿಷಯ ಮನಸ್ಸಿಗೆ ಬಂತು. ಇಂಥ ಬಳಗ ಹುಟ್ಟಲಿಕ್ಕೆ ಕಾರಣ ಗುಟ್ಟಲ್ಲ, ಪ್ರಯಾಣ. ಊರು ಬಿಟ್ಟು ಊರಿಗೆ ಹೋಗುವ ಮನುಷ್ಯನಿಗೆ ಗೊತ್ತಿಲ್ಲದ ಊರಲ್ಲಿ ನಂಬುವವರು ಬೇಕು. ನಾನು ನಿಮ್ಮವನು ಅಂತ ತೋರಿಸಲಿಕ್ಕೆ ಒಂದು ಗುರುತು ಬೇಕು, ಎಲ್ಲರೂ ಒಪ್ಪಿದ ಕಟ್ಟುಪಾಡು ಬೇಕು, ಕಷ್ಟ ಬಂದರೆ ಕೈ ಹಿಡಿಯುವವರು ಬೇಕು. ಇಷ್ಟೇ. ಹಾಗಿದ್ದಮೇಲೆ ಇಂಗ್ಲಿಷರು ಬರುವ ಮೊದಲು ನಮ್ಮಲ್ಲಿ ಊರೂರು ಸುತ್ತುತ್ತಿದ್ದವರು ಏನು ಮಾಡಿಕೊಂಡಿದ್ದರು?

ಅವರು ಮಾಡಿಕೊಂಡಿದ್ದು ಅಯ್ಯಾವೊಳೆ ಐನೂರ್ವರ ಬಳಗ.

ಅಯ್ಯಾವೊಳೆ ಅಂದರೆ ಈಗಿನ ಐಹೊಳೆ. ಐನೂರ್ವರು ಅಂದರೆ ಐನೂರು ಮಂದಿ. ಅಲ್ಲಿಂದ ಶುರುವಾದ ಈ ವ್ಯಾಪಾರಿಗಳ ಸಂಘ ಮುಂದೆ ದಕ್ಷಿಣ ಭಾರತವನ್ನೆಲ್ಲ ಹಬ್ಬಿತು. ತಮ್ಮ ನಡಾವಳಿಗೆ ಅವರು ಇಟ್ಟುಕೊಂಡ ಹೆಸರು 'ವೀರ ಬಣಂಜು ಧರ್ಮ'. ಬಣಂಜು ಅಂದರೆ ವ್ಯಾಪಾರ. ಅವರ ಧ್ವಜದ ಮೇಲೆ ಗುಡ್ಡದ ಗುರುತು ಇತ್ತು. ಊರೂರಿನ ಶಾಸನಗಳಲ್ಲಿ ಇವರನ್ನು ಹೊಗಳುವ ಮಾತು ಹೆಚ್ಚುಕಮ್ಮಿ ಒಂದೇ ಥರ ಬರುತ್ತದೆ: ಲೋಕವೆಲ್ಲ ಹೆಸರಾದವರು, ಐನೂರು ವೀರಶಾಸನಗಳನ್ನು ಪಡೆದವರು, ಸತ್ಯ ಶೌಚ ಆಚಾರ ನಯ ವಿನಯ ಉಳ್ಳವರು, ವೀರ ಬಣಂಜು ಧರ್ಮವನ್ನು ಕಾಪಾಡುವವರು, ಗುಡ್ಡಧ್ವಜದಿಂದ ಮೆರೆಯುವವರು. ಎಲ್ಲಿ ಹೋದರೂ ಇದೇ ಪಾಠ. ದೂರದ ಊರಿನ ಕಲ್ಲಿನ ಮೇಲೂ ಈ ಸಾಲು ಕಂಡರೆ ಓದುವವನಿಗೆ ಇವರು ಯಾರ ಪೈಕಿ ಅಂತ ಥಟ್ಟನೆ ಗೊತ್ತಾಗುತ್ತಿತ್ತು. ಗುಟ್ಟಿನ ಕೈಕುಲುಕಿನ ಕೆಲಸವನ್ನು ಇಲ್ಲಿ ಊರ ನಡುವಿನ ಕಲ್ಲು ಮಾಡುತ್ತಿತ್ತು.

ನನಗೆ ಎಲ್ಲಕ್ಕಿಂತ ಇಷ್ಟ 1054ರ ಶಿಕಾರಿಪುರದ ಶಾಸನ. ಅದು ನಮ್ಮ ಜಿಲ್ಲೆಯದಲ್ಲ, ಆದರೂ ಹೇಳದೇ ಇರೋಕಾಗಲ್ಲ. ಚೇರ, ಚೋಳ, ಪಾಂಡ್ಯ, ಮಲೆಯ, ಮಗಧ, ಕೋಸಲ, ಸೌರಾಷ್ಟ್ರ, ಕಾಂಭೋಜ, ಗೌಡ, ಪಾರಸ, ನೇಪಾಳ ಅಂತ ಇವರು ಹೋಗುವ ದೇಶಗಳ ಪಟ್ಟಿ. ನೆಲದ ದಾರಿ, ನೀರಿನ ದಾರಿ ಎರಡರಲ್ಲೂ. ಆನೆ, ಕುದುರೆ, ನೀಲ, ಮುತ್ತು, ಮಾಣಿಕ್ಯ, ವಜ್ರ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ, ಕೇಸರಿ ಅಂತ ಸಾಮಾನಿನ ಪಟ್ಟಿ. ಆಮೇಲೆ ಇವರ ಸ್ವಭಾವದ ವರ್ಣನೆ ಬರುತ್ತದೆ ನೋಡಿ, ಅದನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ಆನೆಯಂತೆ ಮೇಲೆ ಬಿದ್ದು ಕೊಲ್ಲುವರು, ಹಸುವಿನಂತೆ ನಿಂತು ಕೊಲ್ಲುವರು, ಹಾವಿನಂತೆ ವಿಷದಿಂದ ಕೊಲ್ಲುವರು, ಸಿಂಹದಂತೆ ಹಾರಿ ಕೊಲ್ಲುವರು. ಬರುವ ಮಾರಿಗೆ ಎದುರು ನಿಲ್ಲುವರು. ಮರಳಿನಲ್ಲಿ ಹಗ್ಗ ಹೊಸೆಯುವರು. ಸಿಡಿಲನ್ನು ಹಿಡಿದು ತೋರಿಸುವರು. ಸೂರ್ಯ ಚಂದ್ರರನ್ನು ನೆಲಕ್ಕೆ ಎಳೆದು ತರುವರು.

ತಕ್ಕಡಿ ಹಿಡಿದ ಮಂದಿಯ ಬಗ್ಗೆ ಇಂಥ ಮಾತು! ಇದು ಬರೀ ಬಡಾಯಿ ಅಂತ ತಳ್ಳಿಹಾಕಬೇಡಿ. ಕಾಡು, ಹೊಳೆ, ಕಳ್ಳರ ಕಾಟ ದಾಟಿ ಹೋಗುವ ಎತ್ತು ಕೋಣಗಳ ಸಾಲಿಗೆ ಕಾವಲು ಬೇಕಿತ್ತು. ಐನೂರ್ವರ ಜೊತೆ ಆಯುಧ ಹಿಡಿದ ಅವರದೇ ಬಂಟರು ಇರುತ್ತಿದ್ದರು. ಸ್ವದೇಶಿಗಳು, ಪರದೇಶಿಗಳು, ನಾನಾದೇಶಿಗಳು, ಮುಮ್ಮುರಿದಂಡಗಳು, ಗವರೆಗಳು, ಸೆಟ್ಟಿಗಳು ಅಂತ ಬಗೆಬಗೆಯ ಗುಂಪುಗಳು ಈ ದೊಡ್ಡ ಬಳಗದ ಒಳಗೆ ಇದ್ದವು. ಇವರು ಹೋದ ದೂರಕ್ಕೆ ಸಾಕ್ಷಿ ಬೇಕೆಂದರೆ ಸುಮಾತ್ರಾ ದ್ವೀಪದ ಲೋಬು ತುವಾದಲ್ಲಿ ಸಿಕ್ಕ 1088ರ ತಮಿಳು ಶಾಸನ ಇದೆ. ಕರ್ಪೂರಕ್ಕೆ ಹೆಸರಾದ ಬಾರುಸ್ ಬಂದರಿನ ಪಕ್ಕದ ಜಾಗ ಅದು. ಅಲ್ಲಿಯೂ ಇದೇ ಐನೂರ್ವರು. ಮಲಪ್ರಭೆಯ ದಂಡೆಯ ಒಂದು ಊರಿನ ಹೆಸರು ಹೊತ್ತ ಬಳಗ ಸಮುದ್ರ ದಾಟಿ ಅಷ್ಟು ದೂರ ಹೋಗಿ ನಿಯಮ ಮಾಡಿ ಕಲ್ಲು ನೆಡುತ್ತದೆ ಅಂದರೆ, ನಮ್ಮ ಶಾಲೆಯ ಪುಸ್ತಕಗಳಲ್ಲಿ ಇದಕ್ಕೆ ಒಂದು ಇಡೀ ಪಾಠ ಇರಬೇಕಿತ್ತು ಅನ್ನಿಸುತ್ತದೆ ನನಗೆ.

ಈಗ ನಮ್ಮ ಮನೆ ಬಾಗಿಲಿಗೆ ಬರೋಣ.

ಗದಗದಿಂದ ಮುಂಡರಗಿ ಕಡೆ ಹೊರಟರೆ ದಾರಿಯಲ್ಲಿ ಡಂಬಳ ಸಿಗುತ್ತದೆ. ದೊಡ್ಡಬಸಪ್ಪನ ಗುಡಿ ನೋಡಲಿಕ್ಕೆ ಹೋಗಿರುತ್ತೀರಿ. ಇಪ್ಪತ್ತನಾಲ್ಕು ಮೂಲೆಯ ನಕ್ಷತ್ರದಂತೆ ತಿರುಗುತ್ತಾ ಮೇಲೇಳುವ ಗೋಡೆ ಅದರದ್ದು. ಬೆಳಿಗ್ಗೆ ಹೊತ್ತು ಹೋಗಿ ನಿಂತರೆ ಒಂದೊಂದು ಮೂಲೆಗೂ ಬೇರೆ ಬೇರೆ ನೆರಳು. ಆದರೆ ಅದೇ ಡಂಬಳಕ್ಕೆ ಇನ್ನೊಂದು ಹೆಚ್ಚುಗಾರಿಕೆ ಇದೆ, ಊರಿಗೆ ಬಂದುಹೋಗುವವರಲ್ಲಿ ಅದು ಗೊತ್ತಿರುವವರು ಕಡಿಮೆ. ಆಗ ಊರಿನ ಹೆಸರು ಧರ್ಮಪುರ. ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಆಳ್ವಿಕೆ. ರಾಣಿ ಲಕ್ಷ್ಮಾದೇವಿ ಈ ಊರನ್ನು ನೋಡಿಕೊಳ್ಳುತ್ತಿದ್ದಳು. ಶಕ 1017ರ, ಅಂದರೆ 1095-96ರ ಒಂದು ಶಾಸನ ಇಲ್ಲಿಯದು, ಅದು ಬುದ್ಧನಿಗೆ ನಮಸ್ಕಾರ ಹೇಳಿ ಶುರುವಾಗುತ್ತದೆ. ಬೌದ್ಧ ಧರ್ಮ ನಮ್ಮ ಕಡೆ ಬಹುತೇಕ ಮರೆಯಾಗುತ್ತಿದ್ದ ಕಾಲ ಅದು. ಆಗ ಇಲ್ಲಿ ಬುದ್ಧನ ವಿಹಾರ ಕಟ್ಟಿಸಿದವರು ಹದಿನಾರು ಜನ ಸೆಟ್ಟಿಗಳು. ಲೊಕ್ಕಿಗುಂಡಿಯ, ಅಂದರೆ ಈಗಿನ ಲಕ್ಕುಂಡಿಯ ಸಂಗವಯ್ಯ ಸೆಟ್ಟಿ ಇದೇ ಊರಲ್ಲಿ ಆರ್ಯತಾರಾದೇವಿಗೆ ಇನ್ನೊಂದು ವಿಹಾರ ಕಟ್ಟಿಸಿದ್ದ. ಪೂಜೆಗೆ, ಭಿಕ್ಷುಗಳ ಊಟ ಬಟ್ಟೆಗೆ ದಾನ ಬಿಟ್ಟಿದ್ದಾರೆ. ಮುಂಬೈ ಪ್ರಾಂತ್ಯದ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ ಹತ್ತೊಂಬತ್ತನೇ ಶತಮಾನದಲ್ಲಿ ಇದನ್ನು ಓದಿ ಪ್ರಕಟಿಸಿದರು.

ಫ್ರೀಮೇಸನ್ನರಲ್ಲಿ ಲಾಡ್ಜ್ ಒಳಗೆ ಧರ್ಮದ ಜಗಳ, ರಾಜಕೀಯದ ಜಗಳ ತರಬಾರದು ಅನ್ನೋ ನಿಯಮ ಇದೆ. ಒಳ್ಳೆಯ ನಿಯಮವೇ. ನಮ್ಮ ಸೆಟ್ಟಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಡಂಬಳದಲ್ಲಿ ಬುದ್ಧನಿಗೆ ಕೊಟ್ಟರು. ಇತ್ತ ಮುಳಗುಂದದಲ್ಲಿ 902ರ ಹೊತ್ತಿಗೇ ಚಂದ್ರಾರ್ಯ ಅನ್ನೋ ವೈಶ್ಯನ ಮಗ ಚೀಕಾರ್ಯ ಜಿನಾಲಯ ಕಟ್ಟಿಸಿದ್ದ. ಶಿವನ ಗುಡಿಗಳಿಗಂತೂ ವ್ಯಾಪಾರಿಗಳ ದಾನ ಲೆಕ್ಕವಿಲ್ಲದಷ್ಟು. ಸುತ್ತಾಡುವ ಜನಕ್ಕೆ ಎಲ್ಲ ಊರೂ ಬೇಕು, ಎಲ್ಲ ಊರಿನ ದೇವರೂ ಬೇಕು.

ದಾನ ಕೊಡುತ್ತಿದ್ದ ರೀತಿಯೂ ನೋಡುವಂಥದ್ದು. ಒಬ್ಬ ಶ್ರೀಮಂತ ಒಂದೇ ಸಲ ಹೊನ್ನು ಸುರಿದು ಹೆಸರು ಬರೆಸಿಕೊಳ್ಳುವುದು ಒಂದು ಬಗೆ. ಬಳಗದವರದು ಬೇರೆ. ಎಲ್ಲರೂ ಕೂತು ಮಾತಾಡಿ ತಮ್ಮ ಮೇಲೆ ತಾವೇ ಒಂದು ಸಣ್ಣ ತೆರಿಗೆ ಹಾಕಿಕೊಳ್ಳುತ್ತಿದ್ದರು. ಎಲೆಯ ಹೇರಿಗೆ ಇಷ್ಟು ಎಲೆ. ಅಡಿಕೆಯ ಹೇರಿಗೆ ಇಷ್ಟು ಅಡಿಕೆ. ಗಾಣಕ್ಕೆ ಇಷ್ಟು ಎಣ್ಣೆ. ಎಣ್ಣೆ ಮಾಡುವವರದು 'ತೆಲ್ಲಿಗರ ಐವತ್ತೊಕ್ಕಲು' ಅಂತ ಬೇರೆಯೇ ಸಂಘ. ಗುಡಿಯ ನಂದಾದೀವಿಗೆ ಉರಿಯುತ್ತಿದ್ದದ್ದು ಅವರು ದಿನವೂ ಅಳೆದು ಕೊಟ್ಟ ಎಣ್ಣೆಯಿಂದ. ನಮ್ಮ ಹಳೇ ದಲಾಲಿ ಅಂಗಡಿಗಳ ಬಿಲ್ಲಿನಲ್ಲಿ ಹಮಾಲಿ, ತೂಕದ ಖರ್ಚಿನ ಕೆಳಗೆ 'ಧರ್ಮಾದಾಯ' ಅಂತ ಒಂದು ಸಾಲು ಇರುತ್ತಿತ್ತಲ್ಲ, ಚೀಲಕ್ಕೆ ಇಷ್ಟು ಪೈಸೆ ಅಂತ ಹಿಡಿದು ಗುಡಿಗೋ ಮಠಕ್ಕೋ ಪ್ರಸಾದ ನಿಲಯಕ್ಕೋ ಕೊಡುತ್ತಿದ್ದದ್ದು, ಅದನ್ನು ಕಂಡವರಿಗೆ ಈ ಶಾಸನದ ಲೆಕ್ಕ ಹೊಸದು ಅನ್ನಿಸುವುದೇ ಇಲ್ಲ.

ಕಟ್ಟುಪಾಡು ಮುರಿದವರಿಗೆ ಏನು ಗತಿ? ಅದನ್ನೂ ಕಲ್ಲಿನ ಕೊನೆಯಲ್ಲಿ ಬರೆಸಿದ್ದಾರೆ. ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು, ಅಂದರೆ ಹಸುವನ್ನು, ಕೊಂದ ಪಾಪ. ಕೊಟ್ಟದ್ದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆ ಅನ್ನೋ ಸಂಸ್ಕೃತ ಶ್ಲೋಕ. ಕಲ್ಲಿನ ತಲೆಯಲ್ಲಿ ಸೂರ್ಯ ಚಂದ್ರ, ನಡುವೆ ಲಿಂಗವೋ ಜಿನನೋ, ಪಕ್ಕದಲ್ಲಿ ಕರುವಿಗೆ ಹಾಲೂಡುವ ಹಸು. ಓದು ಬಾರದವನಿಗೂ ಆ ಚಿತ್ರ ನೋಡಿದರೆ ಇದು ಮುಟ್ಟಬಾರದ ಕಲ್ಲು ಅಂತ ತಿಳಿಯುತ್ತಿತ್ತು.

ಲಕ್ಷ್ಮೇಶ್ವರದ್ದು ಇದಕ್ಕಿಂತಲೂ ಹಳೇದು. ಆಗಿನ ಪೊರಿಗೆರೆ. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಸುಮಾರು 725ರಲ್ಲಿ ಊರಿನ ಮಹಾಜನರಿಗೆ ಮತ್ತು ಹದಿನೆಂಟು ಪ್ರಕೃತಿಗಳಿಗೆ, ಅಂದರೆ ಊರಿನ ಎಲ್ಲ ಬಗೆಯ ಜನಕ್ಕೆ, ಒಂದು ಆಚಾರ ವ್ಯವಸ್ಥೆ ಮಾಡಿಕೊಟ್ಟ. ಅರಮನೆಯ ಅಧಿಕಾರಿಗಳು ಏನನ್ನು ಕಾಪಾಡಬೇಕು ಅಂತ ಅದರಲ್ಲಿ ಬರೆದಿದೆ. ಯಾರೂ ಇಲ್ಲದ ಮನೆಗಳನ್ನು, ಅರಸ ಕೊಟ್ಟ ದಾನವನ್ನು, ಒಳ್ಳೆಯವರ ಸಾಕ್ಷಿಯನ್ನು, ಮೊದಲಿಂದ ಬಂದ ನಡಾವಳಿಯನ್ನು. ತೆರಿಗೆ ಮನೆಯ ಮಟ್ಟ ನೋಡಿ ಬೇರೆ ಬೇರೆ. ಅದನ್ನು ಕಾರ್ತಿಕ ಮಾಸದಲ್ಲಿ ಕಟ್ಟಬೇಕಾದದ್ದು ಕಂಚುಗಾರರ ಸೇಣಿಗೆ. ಸೇಣಿ ಅಂದರೆ ಸಂಘ. ಪಾತ್ರೆ ಬಡಿಯುವವರ ಸಂಘದ ಕೈಯಲ್ಲಿ ಊರಿನ ತೆರಿಗೆಯ ಲೆಕ್ಕ! ಅವರ ಮೇಲೆ ಊರಿಗೂ ಅರಮನೆಗೂ ಎಷ್ಟು ನಂಬಿಕೆ ಇದ್ದಿರಬೇಕು. ಸಾವಿರದ ಮುನ್ನೂರು ವರ್ಷದ ಹಿಂದಿನ ಮಾತು ಇದು.

ಮೇಸನ್ ವಿಷಯದಿಂದ ಹೊರಟವನು ಕಲ್ಲುಕೆಲಸದವರನ್ನು ಬಿಟ್ಟರೆ ಹೇಗೆ. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಗದಗ, ಲಕ್ಕುಂಡಿ ಸೀಮೆ ರೂವಾರಿಗಳಿಗೆ, ಅಂದರೆ ಶಿಲ್ಪಿಗಳಿಗೆ, ಹೆಸರುವಾಸಿ. ಲಕ್ಕುಂಡಿಯ ಕಾಶಿವಿಶ್ವನಾಥ ಗುಡಿಯ ಬಾಗಿಲವಾಡದ ಹತ್ತಿರ ಮುಖ ತಂದು ನೋಡಿ. ಪಟ್ಟಿ ಮೇಲೆ ಪಟ್ಟಿ, ಬಳ್ಳಿ ಒಳಗೆ ಬಳ್ಳಿ. ಬಳಪದ ಕಲ್ಲು ಹೊಸದರಲ್ಲಿ ಮೆತ್ತಗೆ ಇರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಆ ಗುಣ ತಿಳಿದವರ ಕೈಕೆಲಸ ಅದು. ಅಲ್ಲಿನ ಕಂಬಗಳನ್ನು ತಿರುಗಿಸಿ ಕಡೆದಿದ್ದಾರೆ, ಬೆರಳಾಡಿಸಿದರೆ ಉಂಗುರ ಉಂಗುರವಾಗಿ ಏರಿಳಿತ ಸಿಗುತ್ತದೆ, ಎಲ್ಲೂ ತಡೆಯುವುದಿಲ್ಲ.

ಈ ಕಡೆಯ ಶಿಲ್ಪಿಗಳು ಹೊಯ್ಸಳರ ನಾಡಿಗೂ ಹೋಗಿ ಕೆಲಸ ಮಾಡಿದರು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ಮದನಿಕೆಯರ ಪೀಠದ ಮೇಲೆ ಶಿಲ್ಪಿಗಳ ಸಹಿ ಇದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಅವರ ಜೊತೆಗೆ ನಮ್ಮ ಗದಗಿನ ನಾಗೋಜ. ಚಾವಣ ತನ್ನ ಬಿರುದನ್ನೂ ಹಾಕಿಕೊಂಡಿದ್ದಾನೆ, ಬಿರುದುಳ್ಳ ರೂವಾರಿಗಳೆಂಬ ಮದನನಿಗೆ ನಾನು ಮಹೇಶ ಅಂತ. ಯುರೋಪಿನ ಚರ್ಚುಗಳ ಕಲ್ಲಿನ ಮೇಲೆ ಅಲ್ಲಿನ ಮೇಸನ್ನರ ಗುರುತು ಸಿಗುತ್ತದೆ, ಒಂದು ಬಾಣ, ಒಂದು ಅಡ್ಡಗೀಟು, ಹೀಗೆ. ಕೂಲಿ ಲೆಕ್ಕಕ್ಕೆ ಹಾಕಿದ್ದು. ಅವರಲ್ಲಿ ಬಹುಪಾಲು ಜನರ ಹೆಸರು ನಮಗೆ ತಿಳಿಯುವ ಹಾಗಿಲ್ಲ. ನಾಗೋಜನ ಹೆಸರು ತಿಳಿದಿದೆ, ಊರೂ ತಿಳಿದಿದೆ. ಮೊದಲ ಸಲ ಇದನ್ನು ಓದಿದಾಗ ಗದಗಿನವರಿಗೆಲ್ಲ ಫೋನ್ ಮಾಡಿ ಹೇಳಬೇಕು ಅನ್ನಿಸಿತ್ತು.

ಈ ಬಳಗಗಳಲ್ಲಿ ಎಲ್ಲವೂ ಒಳ್ಳೆಯದೇ ಇತ್ತು ಅಂತ ನಾನು ಹೇಳುತ್ತಿಲ್ಲ. ಶಾಸನದಲ್ಲಿ ಮೆರೆಯುವುದು ಸೆಟ್ಟಿಗಳು, ಪಟ್ಟಣಸ್ವಾಮಿಗಳು. ಬಿಸಿಲಲ್ಲಿ ಕೋಣ ಹೊಡೆದವರ ಹೆಸರು, ಗೋಣಿ ಹೊತ್ತವರ ಹೆಸರು ಹುಡುಕಿದರೂ ಸಿಗುವುದು ಅಪರೂಪ. ಹೆಂಗಸರ ಹೆಸರು ದಾನ ಕೊಟ್ಟ ಕಡೆ ಬರುತ್ತದೆ, ಸಂಘದ ತೀರ್ಮಾನದಲ್ಲಿ ಅಲ್ಲ. ಫ್ರೀಮೇಸನ್ನರೂ ಹೆಂಗಸರನ್ನು ಹೊರಗಿಟ್ಟೇ ಬೆಳೆದವರು. ಬಳಗ ಅಂದಮೇಲೆ ಒಳಗಿನವರು ಇರುತ್ತಾರೆ, ಹೊರಗಿನವರೂ ಇರುತ್ತಾರೆ. ಆದರೆ ಒಂದು ವ್ಯತ್ಯಾಸ ನನಗೆ ದೊಡ್ಡದಾಗಿ ಕಾಣುತ್ತದೆ. ಐನೂರ್ವರು ಏನು ತೀರ್ಮಾನಿಸಿದರೂ, ಎಷ್ಟು ಕೊಟ್ಟರೂ, ಯಾರ ಎದುರಿಗೆ ಕೊಟ್ಟರು ಅನ್ನುವುದನ್ನೂ ಸೇರಿಸಿ ಊರ ಕನ್ನಡದಲ್ಲಿ ಬರೆಸಿ ಎಲ್ಲರಿಗೂ ಕಾಣುವ ಜಾಗದಲ್ಲಿ ನಿಲ್ಲಿಸಿದರು. ಲೆಕ್ಕಪತ್ರ ಬಯಲಲ್ಲಿತ್ತು.

ಆ ಸಂಘ ಈಗ ಇಲ್ಲ. ವಿಜಯನಗರದ ಕಾಲದ ನಂತರ ನಿಧಾನಕ್ಕೆ ಮರೆಯಾಯಿತು. ಹೆಸರುಗಳು ಮಾತ್ರ ಉಳಿದಿವೆ. ಹುಬ್ಬಳ್ಳಿ, ಧಾರವಾಡ, ಗದಗದಲ್ಲಿ ಶೆಟ್ಟರ, ಪಟ್ಟಣಶೆಟ್ಟಿ, ಕಂಚಗಾರ, ಗಾಣಿಗೇರ ಅನ್ನೋ ಅಡ್ಡಹೆಸರಿನ ಮನೆ ಇಲ್ಲದ ಓಣಿ ಹುಡುಕುವುದೇ ಕಷ್ಟ, ಅಲ್ವಾ?

ಕಲ್ಲುಗಳ ಗತಿ ನೋಡಿದರೆ ಮಾತ್ರ ಹೊಟ್ಟೆ ಉರಿಯುತ್ತದೆ. ಸಂರಕ್ಷಿತ ಗುಡಿಗಳಲ್ಲಿ ಇರುವವು ಚೆನ್ನಾಗಿವೆ. ಆದರೆ ಒಂದು ಊರಿನಲ್ಲಿ ಗುಡಿಯ ಜೀರ್ಣೋದ್ಧಾರ ಅಂತ ಹೇಳಿ ಶಾಸನದ ಕಲ್ಲಿಗೆ ದಪ್ಪ ಆಯಿಲ್ ಪೇಂಟ್ ಬಳಿದಿದ್ದು ನೋಡಿದೆ, ಅಕ್ಷರದ ಗುಳಿಗಳೆಲ್ಲ ತುಂಬಿಹೋಗಿದ್ದವು. ಇನ್ನೊಂದು ಕಡೆ ಅರ್ಧ ಕಲ್ಲು ಹೊಸ ಸಿಮೆಂಟ್ ಕಟ್ಟೆಯ ಒಳಗೆ ಹೋಗಿತ್ತು. ಮಾಡಿದವರು ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಭಕ್ತಿಯಿಂದಲೇ ಮಾಡಿದ್ದಾರೆ. ಅದರಲ್ಲಿ ಏನು ಬರೆದಿದೆ ಅಂತ ಅವರಿಗೆ ಯಾರೂ ಓದಿ ಹೇಳಿರಲಿಲ್ಲ, ಅಷ್ಟೇ.

ಅದಕ್ಕೇ ಗದಗ, ಹಾವೇರಿ, ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಇರುವವರಿಗೆ ನನ್ನ ವಿನಂತಿ. ನಿಮ್ಮ ಊರಿನ ಗುಡಿ, ಕೆರೆ ದಂಡೆ, ಅಗಸೆ ಬಾಗಿಲ ಹತ್ತಿರ ಅಕ್ಷರ ಇರುವ ಕಲ್ಲು ಇದ್ದರೆ ಬೆಳಿಗ್ಗೆಯೋ ಸಂಜೆಯೋ ಓರೆ ಬಿಸಿಲು ಬೀಳುವಾಗ ಫೋಟೋ ತೆಗೆಯಿರಿ, ಅಕ್ಷರ ಎದ್ದು ಕಾಣುತ್ತದೆ. ಸುಣ್ಣ, ಅರಿಷಿಣ, ಸೀಮೆಸುಣ್ಣ ಹಚ್ಚಬೇಡಿ. ತಂತಿ ಬ್ರಷ್ಷಿನಿಂದ ತಿಕ್ಕಬೇಡಿ. 1939ರಲ್ಲಿ ಧಾರವಾಡದಲ್ಲಿ ಶುರುವಾದ ಕನ್ನಡ ಸಂಶೋಧನಾ ಸಂಸ್ಥೆಯವರು ಈ ಸೀಮೆಯ ಎಷ್ಟೋ ಶಾಸನ ಓದಿ ಪುಸ್ತಕ ಮಾಡಿದ್ದಾರೆ, ನಿಮ್ಮೂರಿನದು ಅದರಲ್ಲಿ ಆಗಲೇ ಇರಬಹುದು, ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೇಳಿ ನೋಡಿ. ಇದ್ದರೆ ಆ ಪಾಠವನ್ನು ದೊಡ್ಡ ಅಕ್ಷರದಲ್ಲಿ ಬರೆಸಿ, ಕೆಳಗೆ ಈಗಿನ ಕನ್ನಡದಲ್ಲಿ ಅರ್ಥ ಹಾಕಿಸಿ, ಕಲ್ಲಿನ ಪಕ್ಕ ಒಂದು ಬೋರ್ಡ್ ಇಡಿಸಿ. ಪಂಚಾಯಿತಿಯವರು ಬೇಡ ಅನ್ನಲಿಕ್ಕಿಲ್ಲ. ಬೋರ್ಡಿನ ಒಕ್ಕಣೆ ಬರೆಯೋಕೆ ಕೈ ಬೇಕಾದರೆ ಹೇಳಿ, ನಾನು ಬರುತ್ತೇನೆ.